ಆರನೇ ಬಕೆಟಿನ ಬಿಟರ್

ಐದನೆಯ ಸಲವೂ ಫೋನಿನಲ್ಲಿ ಅದೇ ಮಾತು ಬಂತು. "ಹತ್ತಿರ ಬಂದಿದೆ ಮಾರಾಯ. ಆದ್ರೆ ಅದಲ್ಲ."

ಇಗ್ನೇಶಿಯಸ್ ಮೆಲ್ಬರ್ನಿನ ಟ್ರುಗನಿನಾದ ತನ್ನ ಮನೆಯ ಗರಾಜಿನಲ್ಲಿ ನಿಂತು, ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು, ಗೋಡೆಯನ್ನು ದುರುಗುಟ್ಟಿ ನೋಡಿದ. ಆ ಕಡೆ ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ಅವನ ಹೆಂಡತಿಯ ಅಣ್ಣ ಲೆಸ್ಟರ್ ಗ್ಲಾಸಿನಿಂದ ಇನ್ನೊಂದು ಗುಟುಕು ಎಳೆದ ಸದ್ದು ಕೇಳಿಸಿತು. ಅದಲ್ಲ ಅನ್ನುವವನು ಕುಡಿಯುವುದನ್ನಂತೂ ನಿಲ್ಲಿಸುತ್ತಿರಲಿಲ್ಲ.

"ಅದಲ್ಲ ಅಂದ್ರೆ ಎಂತ ಬಾವ? ಕಹಿ ಕಮ್ಮಿಯಾ, ಜಾಸ್ತಿಯಾ?"

"ಕಹಿ ಸರಿ ಉಂಟು."

"ಬಣ್ಣ?"

"ಬಣ್ಣ ಅದೇ."

"ಮತ್ತೆ?"

"ಎಂತದೋ ಒಂದು ಇಲ್ಲ. ಅದೆಂತದು ಅಂತ ಗೊತ್ತಿದ್ದಿದ್ರೆ ನಾನೇ ಮಾಡ್ತಿದ್ದೆ. ನಿನ್ನ ಹತ್ರ ಯಾಕೆ ಮಾಡಿಸ್ಲಿಕ್ಕುಂಟು?"

ಇಗ್ನೇಶಿಯಸ್ ಫೋನಿಟ್ಟು, ಕೈಗೆ ಸಿಕ್ಕಿದ ಒದ್ದೆ ಬಟ್ಟೆಯನ್ನು ನೆಲಕ್ಕೆ ಬಡಿದ. ಅವನು ರೋಸಿಹೋಗಿದ್ದ.

ರೋಸಿಹೋಗಲು ಕಾರಣ ಬರೀ ಬಿಯರ್ ಅಲ್ಲ. ಇಪ್ಪತ್ತಮೂರು ವರ್ಷಗಳ ಹಿಂದೆ ಮಂಗಳೂರಿನಿಂದ ಅವನನ್ನು ಇಂಗ್ಲೆಂಡಿಗೆ ಕರೆಸಿಕೊಂಡವನು ಈ ಲೆಸ್ಟರ್. ಯಾರ್ಕ್‌ಶೈರಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಲೆಸ್ಟರ್ ಆಗಲೇ ಎರಡು ವರ್ಷದಿಂದ ನರ್ಸ್ ಆಗಿದ್ದ. ತಂಗಿ ಇಡಾಳ ಗಂಡನೂ ನರ್ಸೇ ಆದ್ದರಿಂದ ಅದೇ ಆಸ್ಪತ್ರೆಗೆ ಅರ್ಜಿ ಹಾಕಿಸಿ ಕೆಲಸ ಕೊಡಿಸಿದ. ಅಂದಿನಿಂದ ಇಗ್ನೇಶಿಯಸ್ ಮಾಡಿದ ಯಾವ ಕೆಲಸವೂ ಅವನ ಕಣ್ಣಿಗೆ ನೇರವಾಗಿ ಕಂಡಿಲ್ಲ. ಹಾಸಿಗೆಗೆ ಚಾದರ ಹೊದಿಸಿದ್ದು ಸರಿಯಿಲ್ಲ, ಕೊಂಡ ಕಾರು ಸರಿಯಿಲ್ಲ. ಎರಡೂ ಮನೆಯವರು ಆಸ್ಟ್ರೇಲಿಯಾಕ್ಕೆ ಬಂದ ಮೇಲೆ, ಸಿಡ್ನಿಗೆ ಬರುವುದು ಬಿಟ್ಟು ಮೆಲ್ಬರ್ನಿಗೆ ಹೋದದ್ದೂ ಸರಿಯಿಲ್ಲ. ಟ್ರುಗನಿನಾದ ಮನೆಯ ಫೋಟೊ ಕಳಿಸಿದಾಗ "ಪಶ್ಚಿಮಕ್ಕೆ ಅಷ್ಟು ದೊಡ್ಡ ಕಿಟಕಿಯಾ? ಬೇಸಿಗೆಯಲ್ಲಿ ಬೇಯ್ತೀರಿ" ಎಂದಿದ್ದ. ಬೇಯುತ್ತಿರುವುದು ನಿಜವೇ. ಅದು ಬೇರೆ ಮಾತು.

ಕಳೆದ ಕ್ರಿಸ್ಮಸ್ಸಿಗೆ ದಿ ಪಾಂಡ್ಸ್‌ನ ಊಟದ ಮೇಜಿನಲ್ಲಿ ಲೆಸ್ಟರ್ ಎಂದಿನಂತೆ ಹಾಲ್‌ಕ್ರಾಫ್ಟ್ ಬಿಟರನ್ನು ನೆನೆದು ನಿಟ್ಟುಸಿರು ಬಿಟ್ಟ. ಅದು ಆ ಯಾರ್ಕ್‌ಶೈರಿನ ಊರಿನದೇ ಬಿಯರ್. ಐಸಿನಲ್ಲಿಟ್ಟು ಬುಸುಗುಟ್ಟಿಸುವ ಬಾಟಲಿ ಬಿಯರಿನಂಥದ್ದಲ್ಲ. ಪಬ್ಬಿನ ನೆಲಮಾಳಿಗೆಯ ಪೀಪಾಯಿಯಲ್ಲೇ ಹದವಾಗಿ, ಕೈಪಂಪಿನಿಂದ ಮೇಲೆ ಬರುವ, ತಾಮ್ರದ ಬಣ್ಣದ, ಗ್ಯಾಸ್ ಇಲ್ಲವೆನ್ನುವಷ್ಟು ಕಡಿಮೆಯ, ಹದವಾದ ಕಹಿಯ ಪಾನೀಯ. ಮಾಡುತ್ತಿದ್ದ ಕಂಪನಿ ಮುಚ್ಚಿ ಹತ್ತು ವರ್ಷವಾಗಿತ್ತು. "ಇನ್ನು ಈ ಜನ್ಮದಲ್ಲಿ ಸಿಗ್ಲಿಕ್ಕಿಲ್ಲ" ಎಂದ ಲೆಸ್ಟರ್.

"ನಾನು ಮಾಡಿ ಕೊಡ್ತೇನೆ ಬಾವ. ಆಗಸ್ಟಿಗೆ ನಿಮಗೆ ಅರವತ್ತೈದು ಆಗ್ತದಲ್ಲ, ಆವತ್ತಿಗೆ" ಎಂದು ಇಗ್ನೇಶಿಯಸ್ ಬಾಯಿ ತಪ್ಪಿ ಹೇಳಿಬಿಟ್ಟ.

ಲೆಸ್ಟರ್ ಚಮಚ ಕೆಳಗಿಟ್ಟು, ಮೇಜಿನ ಸುತ್ತ ಕೂತ ಹನ್ನೆರಡು ಜನರ ಎದುರಿಗೆ, ನಗದೆ, "ನಿನ್ನಿಂದ ಆಗ್ಲಿಕ್ಕಿಲ್ಲ" ಎಂದ.

ಆ ಮಾತು ಇಗ್ನೇಶಿಯಸ್‌ನ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ಅವನಿಗೀಗ ಐವತ್ತಾರು. ಆಸ್ಪತ್ರೆಯಲ್ಲಿ ಒಂದು ವಾರ್ಡು ಪೂರ್ತಿ ಅವನ ಮಾತಿನ ಮೇಲೆ ನಡೆಯುತ್ತದೆ. ಆದರೂ ಈ ಒಬ್ಬ ಮನುಷ್ಯನ ಬಾಯಿಂದ ಒಂದೇ ಒಂದು ಸಲ "ಸರಿಯಾಗಿದೆ" ಎಂಬ ಮಾತು ಕೇಳಬೇಕೆಂದು ಅವನ ಜೀವ ಒದ್ದಾಡುತ್ತಿತ್ತು. ಇದನ್ನು ಅವನು ಯಾರಲ್ಲೂ ಹೇಳಿರಲಿಲ್ಲ, ಇಡಾಳಿಗೆ ಮಾತ್ರ ಹೇಳದೆಯೇ ಗೊತ್ತಿತ್ತು.

ಬಿಯರ್ ಹುದುಗಿಸುವ ಮೊದಲನೆಯ ಬಕೆಟ್ ಇಟ್ಟದ್ದು ಜನವರಿಯಲ್ಲಿ. ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಹುಟ್ಟಿದವನಿಗೆ ಹುದುಗು ಬರಿಸುವುದು ಯಾವ ಮಹಾ ವಿದ್ಯೆ? ಅವನ ಅಮ್ಮ ಪ್ರತಿ ವರ್ಷ ಕ್ರಿಸ್ಮಸ್ಸಿಗೆ ದ್ರಾಕ್ಷಿ ವೈನು ಮಾಡುತ್ತಿದ್ದಳು, ಸಕ್ಕರೆಯನ್ನು ಕೈ ಬಿಚ್ಚಿ ಸುರಿಯುತ್ತಿದ್ದಳು. ಅವನೂ ಹಾಗೆಯೇ ಸುರಿದ. "ಇದು ಬಿಟರ್ ಅಲ್ಲ, ಕೆಮ್ಮಿನ ಮದ್ದು" ಎಂದ ಲೆಸ್ಟರ್. ಎರಡನೆಯದರ ಬಾಟಲಿಗಳು ಫೆಬ್ರವರಿಯ ನಲವತ್ತು ಡಿಗ್ರಿಯಲ್ಲಿ ಲಾಂಡ್ರಿಯ ಕಪಾಟಿನೊಳಗೆ ಒಂದೊಂದಾಗಿ ಸಿಡಿದವು. ಇಡಾ ಒಗೆದಿಟ್ಟಿದ್ದ ಬಟ್ಟೆಗೆಲ್ಲ ಬಿಯರ್ ವಾಸನೆ ಹತ್ತಿ, ಆ ಭಾನುವಾರ ಇಗರ್ಜಿಯಲ್ಲಿ ಮುಂದಿನ ಸಾಲಿನವರು ತಿರುಗಿ ತಿರುಗಿ ನೋಡಿದರು. ಆಮೇಲೆ ಅವನು ಬುದ್ಧಿವಂತನಾದ. ಹೋಮ್‌ಬ್ರೂ ಅಂಗಡಿಯಿಂದ ಇಂಗ್ಲೆಂಡಿನ ಮಾಲ್ಟು, ಕಹಿಗೆ ಇಂಗ್ಲೆಂಡಿನ ಹಾಪ್ಸ್ ಹೂವು, ಇಂಗ್ಲೆಂಡಿನ ಯೀಸ್ಟು ತಂದ. ಬಕೆಟ್ಟಿಗೆಂದು ಹಳೆಯ ಫ್ರಿಜ್ಜೊಂದನ್ನು ಹದಿನೆಂಟು ಡಿಗ್ರಿಗೆ ಕಟ್ಟಿಹಾಕಿದ. "ನೀರು ಬೇರೆ" ಎಂದು ಲೆಸ್ಟರ್ ಅಂದದ್ದಕ್ಕೆ ನೀರಿಗೂ ತೂಕ ಮಾಡಿ ಲವಣ ಹಾಕಿದ. ಪ್ರತಿ ಬ್ಯಾಚಿನ ಎರಡು ಬಾಟಲಿಗಳು, ಸಿಡ್ನಿಯ ಚಾಟ್ಸ್‌ವುಡ್ ಆಫೀಸಿನಿಂದ ಮೆಲ್ಬರ್ನಿಗೆ ಮೀಟಿಂಗಿಗೆ ಬರುವ ಲೆಸ್ಟರ್‌ನ ಮಗ ಆಲ್‌ರಾಯ್‌ನ ಸೂಟ್‌ಕೇಸಿನಲ್ಲಿ, ಟವೆಲ್ ಸುತ್ತಿಕೊಂಡು ವಿಮಾನ ಹತ್ತುತ್ತಿದ್ದವು.

ಐದನೆಯದನ್ನು ಕುಡಿದಾಗ ಇಗ್ನೇಶಿಯಸ್‌ಗೆ ರೋಮಾಂಚನವಾಗಿತ್ತು. ಶನಿವಾರದ ಸಂಜೆ, ಆ ಯಾರ್ಕ್‌ಶೈರಿನ ಊರಿನ ಓಲ್ಡ್ ಶಟಲ್ ಪಬ್ಬು, ಜನರ ಗದ್ದಲ, ಎಲ್ಲ ಆ ಗ್ಲಾಸಿನಲ್ಲಿತ್ತು. ಇದೇ ಅದು ಎಂದು ಅವನು ಆಣೆಯಿಟ್ಟು ಹೇಳಲು ತಯಾರಿದ್ದ. ಅದಕ್ಕೇ "ಅದಲ್ಲ" ಎಂಬುದು ಅವನನ್ನು ಅಷ್ಟು ಉರಿಸಿದ್ದು.

ಆದರೂ ಬಿಡುವ ಜಾತಿಯವನಲ್ಲ. ಜುಲೈ ಕೊನೆಗೆ ಆರನೆಯ ಬಕೆಟ್ ಇಟ್ಟ. ನಾಲ್ಕು ದಿನ ಕಳೆದು ಒಂದು ಭಾನುವಾರ ಬೆಳಿಗ್ಗೆ ಇಡಾ ತಿಂಡಿಗೆ ಅಕ್ಕಿಯ 'ಸಣ್ಣ' ಬಡಿಸಿದಳು. ನಮ್ಮ ಇಡ್ಲಿಯ ಅಕ್ಕ ಅನ್ನಬಹುದಾದ ಈ ತಿಂಡಿ ಊರಲ್ಲಾದರೆ ಶೇಂದಿಯಿಂದ ಉಬ್ಬುತ್ತದೆ, ಇಲ್ಲಿ ಪ್ಯಾಕೆಟ್ಟಿನ ಯೀಸ್ಟಿನಿಂದ. ಆವತ್ತಿನದು ಹತ್ತಿಯ ಹಾಗಿತ್ತು, ಊರಿನದೇ ಪರಿಮಳ.

"ಎಂತ ಮಾರಾಯ್ತಿ, ಇವತ್ತು ಭಾರೀ ಲಾಯ್ಕ್ ಆಗಿದೆ!"

"ಆಗದೆ? ಯೀಸ್ಟ್ ಮುಗಿದಿತ್ತು. ನಿಮ್ಮ ಬಕೆಟಿನ ನೊರೆ ತೆಗೆದು ಹಾಕಿದೆ. ನಮ್ಮ ಅಮ್ಮ ಶೇಂದಿಯ ನೊರೆ ಹಾಕ್ತಿದ್ದಳಲ್ಲ, ಹಾಗೇ."

ಇಗ್ನೇಶಿಯಸ್‌ನ ತುತ್ತು ಅರ್ಧಕ್ಕೆ ನಿಂತಿತು. "ಯಾವುದರಲ್ಲಿ ತೆಗೆದೆ?"

"ಸೌಟಿನಲ್ಲಿ. ಮತ್ತೆ ಕೈಯಲ್ಲಾ?"

"ಯಾವ ಸೌಟು ಇಡಾ?"

"ಹಿಟ್ಟು ಕಲಸುವ ಸೌಟು. ಮೂರು ಸಲ ಅದ್ದಿ ತೆಗೆದೆ. ಈಗ ಎಂತ ಆಯ್ತು ಮಾರಾಯ್ರೆ, ಬಕೆಟ್ ತುಂಬ ಉಂಟಲ್ಲ!"

ಹುಳಿ ಬಂದ ಹಿಟ್ಟಿನ ಸೌಟು! ಒಂದು ಚಮಚ ತೊಳೆಯಲಿಕ್ಕೂ ಔಷಧಿ ನೀರು ಇಟ್ಟುಕೊಂಡವನು ಇಗ್ನೇಶಿಯಸ್. ಅವನು ಹಣೆ ಚಚ್ಚಿಕೊಂಡ, ಕೂಗಾಡಿದ, ಗರಾಜಿಗೆ ಹೋಗಿ ಬಂದು ಮತ್ತೆ ಕೂಗಾಡಿದ. ಕೋಪ ಇಳಿದ ಮೇಲೆ ತಟ್ಟೆಯಲ್ಲಿ ಉಳಿದಿದ್ದ ಎರಡು ಸಣ್ಣವನ್ನು ತಿಂದ. ಎರಡು ವಾರ ಬಿಟ್ಟು ರುಚಿ ನೋಡಿದಾಗ ಹೆದರಿದ್ದೇ ಆಗಿತ್ತು. ಬಿಯರಿಗೆ ಹುಳಿ ಹತ್ತಿತ್ತು. ಇನ್ನೊಂದು ಮಾಡಲು ದಿನ ಉಳಿದಿರಲಿಲ್ಲ. ಐದನೆಯ ಬ್ಯಾಚಿನಲ್ಲಿ ಉಳಿದ ಹದಿನಾಲ್ಕು ಬಾಟಲಿಗಳನ್ನೇ ಒಯ್ಯುವುದೆಂದು ತೀರ್ಮಾನಿಸಿದ. ಎಲ್ಲರೆದುರು ಕುಡಿದರೆ ಬಾವನ ನಾಲಿಗೆ ಮೆತ್ತಗಾದೀತು ಎಂಬ ಆಸೆ. ಆರನೆಯದನ್ನು ಚರಂಡಿಗೆ ಸುರಿಯಲು ಹೊರಟಾಗ ಇಡಾ ಐದು ಲೀಟರಿನ ನೀರಿನ ಕ್ಯಾನ್ ತಂದು ಅಡ್ಡ ಹಿಡಿದಳು. "ತಳದ್ದು ಇದಕ್ಕೆ ಹಾಕಿ. ಅಲ್ಲಿ ಸಣ್ಣ ಮಾಡ್ಲಿಕ್ಕೆ ಬೇಕು."

ಶುಕ್ರವಾರ ಒಂಬತ್ತು ಗಂಟೆ ಕಾಲ ಕಾರು ಓಡಿಸಿ ದಿ ಪಾಂಡ್ಸ್ ತಲುಪಿದರು. ಶನಿವಾರ ಇಡಾ ಅಕ್ಕಿ ರುಬ್ಬಿ, ಕ್ಯಾನಿನಿಂದ ಎರಡು ಲೋಟ ಬಗ್ಗಿಸಿಕೊಂಡು, ಉಳಿದದ್ದನ್ನು ಲಾಂಡ್ರಿಯ ಮೂಲೆಯಲ್ಲಿಟ್ಟಳು. ಭಾನುವಾರ ಪೂಜೆ ಮುಗಿಸಿ ಬಂದ ಹದಿನೈದು ಜನ ಊಟಕ್ಕೆ ಕೂಡುವ ಮುಂಚೆ, ಇಗ್ನೇಶಿಯಸ್ ಬಾಟಲಿ ಓರೆ ಮಾಡಿ, ಕೆಳಗಿನ ಗಷ್ಟು ಏಳದಂತೆ ಉಸಿರು ಬಿಗಿಹಿಡಿದು, ಬಾವನ ಗ್ಲಾಸಿಗೆ ಬಗ್ಗಿಸಿದ. ಲೆಸ್ಟರ್ ಮೂಸಿದ. ಕುಡಿದ. ಎಲ್ಲರೂ ಅವನ ಮುಖವನ್ನೇ ನೋಡಿದರು.

"ಹತ್ತಿರ ಉಂಟು" ಎಂದ ಲೆಸ್ಟರ್. "ಅದಲ್ಲ."

ಯಾರೋ ನಕ್ಕರು. ಇಗ್ನೇಶಿಯಸ್ ಕೂಡ ನಕ್ಕಂತೆ ಮಾಡಿ ಹಿತ್ತಲಿಗೆ ನಡೆದ. ಬೇಲಿಯಾಚೆ ಯಾರದೋ ಟ್ರ್ಯಾಂಪೊಲಿನ್ ಮೇಲೆ ಮಕ್ಕಳು ಕುಣಿಯುತ್ತಿದ್ದರು. ಎಂಟು ತಿಂಗಳು, ಆರು ಬಕೆಟ್, ಮನೆಯಲ್ಲಿ ಅಷ್ಟು ಜಗಳ, ಎಲ್ಲ ಈ ಎರಡು ಮಾತಿಗೆ. ಇನ್ನು ಈ ಮನುಷ್ಯನಿಗೆ ಒಂದು ಲೋಟ ನೀರನ್ನೂ ಮಾಡಿ ಕೊಡುವುದಿಲ್ಲ ಎಂದು ಅವನು ನಿಶ್ಚಯಿಸಿದ. ಕಣ್ಣಲ್ಲಿ ನೀರು ಬಂದದ್ದಕ್ಕೆ ಅವನಿಗೆ ತನ್ನ ಮೇಲೂ ಸಿಟ್ಟು ಬಂತು.

ಮುಖ ತೊಳೆಯೋಣವೆಂದು ಲಾಂಡ್ರಿಯ ಬಾಗಿಲಿನಿಂದ ಒಳಗೆ ಬಂದರೆ, ಅಲ್ಲಿ ಲೆಸ್ಟರ್ ಒಬ್ಬನೇ ನಿಂತಿದ್ದ. ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದರಲ್ಲಿ ಸ್ಟೀಲ್ ಲೋಟ.

"ಟಿಶ್ಯೂ ಹುಡುಕ್ಲಿಕ್ಕೆ ಬಂದೆ, ವಾಸನೆ ಬಂತು" ಎಂದ. ಧ್ವನಿ ಬೇರೆಯೇ ಆಗಿತ್ತು. "ಇದನ್ನು ಯಾಕೆ ಅಡಗಿಸಿಟ್ಟಿದ್ದಿ?"

"ಅದು... ಬಾವ, ಅದು ಸಣ್ಣಕ್ಕೆ..."

"ಇದೇ ಮಾರಾಯ. ಇದೇ ಅದು." ಲೆಸ್ಟರ್ ಲೋಟ ಬರಿದು ಮಾಡಿ ಇನ್ನೊಮ್ಮೆ ತುಂಬಿದ. "ನೀನು ಬರುವ ಮೊದಲು ಎರಡು ವರ್ಷ ನಾನು ಯಾರ್ಕ್‌ಶೈರಿನಲ್ಲಿ ಒಬ್ಬನೇ ಇದ್ದದ್ದು, ಹೆಂಡತಿ ಮಗ ಊರಲ್ಲಿ. ನನಗೆ ರಜೆ ಮಂಗಳವಾರ. ಮಂಗಳವಾರ ಆ ಪಬ್ಬಿಗೆ ಒಂದು ನರಪಿಳ್ಳೆ ಬರುವುದಿಲ್ಲ. ಶನಿವಾರ ತೆಗೆದ ಪೀಪಾಯಿ, ಅದರ ತಳದ್ದು ನನಗೆ. ಮಧ್ಯಾಹ್ನ ಕೂತರೆ ಕತ್ತಲೆ ತನಕ. ವಾರದಲ್ಲಿ ನನ್ನ ಹೆಸರು ಹಿಡಿದು ಕರೆಯುವವ ಅಂತ ಇದ್ದದ್ದು ಆ ಪಬ್ಬಿನ ಮುದುಕ ಒಬ್ಬನೇ, ಗೊತ್ತುಂಟಾ? ಮಾತಾಡ್ಲಿಕ್ಕೆ ಒಬ್ಬ ಜನ ಕಳಿಸು ದೇವರೇ ಅಂತ ಈ ಗ್ಲಾಸಿನ ಎದುರು ಕೂತು ನಾನು ಅತ್ತದ್ದುಂಟು. ಮತ್ತೆ ನೀನು ಬಂದಿ."

ಇಗ್ನೇಶಿಯಸ್‌ಗೆ ಎಲ್ಲ ಒಮ್ಮೆಲೇ ಹೊಳೆಯಿತು. ಅವನು ಆ ಪಬ್ಬಿಗೆ ಹೋಗುತ್ತಿದ್ದದ್ದು ಶನಿವಾರ, ಹೊಸ ಪೀಪಾಯಿ ತೆಗೆಯುವ ದಿನ. ಲೆಸ್ಟರ್‌ನ ನಾಲಿಗೆಯಲ್ಲಿ ಉಳಿದದ್ದು ಮಂಗಳವಾರದ ಬಿಟರ್, ಗಾಳಿ ತಾಗಿ ಹುಳಿ ಹತ್ತಿದ ತಳದ ಬಿಟರ್. ಅಂದರೆ ಐದನೆಯ ಬಕೆಟ್ ಸರಿಯಾಗಿಯೇ ಇತ್ತು. ತಪ್ಪಿದ್ದು ಬಾವನೇ. ಇಪ್ಪತ್ತಮೂರು ವರ್ಷ ಎಲ್ಲರ ತಪ್ಪು ಹಿಡಿದ ಈ ಮನುಷ್ಯ ಕೆಟ್ಟುಹೋದ ಬಿಯರಿಗೆ ಇಷ್ಟು ವರ್ಷ ನಿಟ್ಟುಸಿರು ಬಿಟ್ಟಿದ್ದ! ಹೊರಗೆ ಹದಿನೈದು ಜನ ಕೂತಿದ್ದಾರೆ. ಒಂದು ಮಾತು ಹೇಳಿದರೆ ಸಾಕು, ಮುಂದಿನ ಹತ್ತು ಕ್ರಿಸ್ಮಸ್ಸಿಗೆ ನಗಲು ಎಲ್ಲರಿಗೂ ವಸ್ತು ಸಿಗುತ್ತದೆ. ಆ ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು.

ಅಷ್ಟರಲ್ಲಿ ಸಣ್ಣದ ತಟ್ಟೆ ಹಿಡಿದು ಬಂದ ಇಡಾ ಬಾಗಿಲಲ್ಲೇ ನಿಂತು, "ಅಯ್ಯೋ ದೇವಾ! ಲೆಸ್ಟರ್‌ಬಾಬ್, ಅದನ್ನು ಯಾಕೆ ಕುಡೀತೀರಿ? ಅದು ಹಾಳಾ..." ಎಂದಳು.

"ಇಡಾ" ಎಂದ ಇಗ್ನೇಶಿಯಸ್ ಜೋರಾಗಿ. "ಒಳಗಿಂದ ಗ್ಲಾಸ್ ತಾ. ಎಲ್ಲರಿಗೂ ಬೇಕು."

ಅವಳು ಗಂಡನ ಮುಖ ನೋಡಿದಳು, ಅಣ್ಣನ ಒದ್ದೆ ಕಣ್ಣು ನೋಡಿದಳು, ಗ್ಲಾಸು ತರಲು ಹೋದಳು.

ಹುಟ್ಟುಹಬ್ಬದವನಿಗೆ ಬೇರೆಯವರು ಟೋಸ್ಟ್ ಎತ್ತುವುದು ನಮ್ಮಲ್ಲಿ ಕ್ರಮ. ಆಲ್‌ರಾಯ್ ಅಪ್ಪನಿಗೆಂದು ನಾಲ್ಕು ಮಾತು ಬರೆದುಕೊಂಡು ಬಂದಿದ್ದ. ಲೆಸ್ಟರ್ ಅವನನ್ನು ಕೂರಿಸಿ ತಾನೇ ಎದ್ದು ನಿಂತ. "ಟೋಸ್ಟ್ ನನಗಲ್ಲ, ಇಗ್ನೇಶಿಯಸ್‌ಗೆ. ಅವನಿಂದ ಆಗ್ಲಿಕ್ಕಿಲ್ಲ ಅಂತ ಇದೇ ಮೇಜಿನಲ್ಲಿ ನಾನು ಹೇಳಿದ್ದೆ. ನಾನು ಹೇಳಿದ್ದು ತಪ್ಪು. ಅವನು ಮಾಡಿದ್ದು ಸರಿಯಾಗಿದೆ."

ಹದಿನೈದು ಜನ ಗ್ಲಾಸು ಎತ್ತಿ ಕುಡಿದರು. ಹದಿನೈದು ಮುಖಗಳು ಹುಣಸೆಹಣ್ಣು ಕಚ್ಚಿದಂತಾದವು. ಆದರೂ ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಇಷ್ಟು ವರ್ಷ ಕಾದಿದ್ದ ಮಾತು ತನ್ನ ಅತಿ ಕೆಟ್ಟ ಕೆಲಸಕ್ಕೆ ಬಂತಲ್ಲ ಎಂದು ಇಗ್ನೇಶಿಯಸ್‌ಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವನು ತನ್ನ ಗ್ಲಾಸನ್ನು ಮುಖ ಹುಳ್ಳಗೆ ಮಾಡದೆ ತಳದ ತನಕ ಕುಡಿದು ಮುಗಿಸಿದ.

ಲೆಸ್ಟರ್ ಪಕ್ಕದ ಕುರ್ಚಿಯನ್ನು ಅವನಿಗೆಂದು ಎಳೆದ. "ಇಷ್ಟು ಸರಿಯಾಗಿ ಬರ್ತದೆ ನಿನಗೆ. ಮತ್ತೆ ಆ ಐದು ಸಲ ನನ್ನನ್ನು ಯಾಕೆ ಸತಾಯಿಸಿದ್ದು?"

"ನೀವು ಯಾವ ದಿನ ಕುಡೀತಿದ್ದದ್ದು ಅಂತ ನಾನು ಒಮ್ಮೆಯೂ ಕೇಳಿರ್ಲಿಲ್ಲ ಬಾವ" ಎಂದ ಇಗ್ನೇಶಿಯಸ್, ಮತ್ತು ಕೂತುಕೊಂಡ.