ಅರ್ಧ ಬಕೆಟ್ ನುಚ್ಚು

ಅಕ್ಕ ತಂಗಿ ಮಾತು ಬಿಟ್ಟಿದ್ದು ಹುಲ್ಲಿನ ಬಣವೆಗೆ ಹೊದಿಸಿದ ಒಂದು ಟಾರ್ಪಾಲಿನ ಹಗ್ಗಕ್ಕೆ. ಗಾಳಿಮಳೆಯ ದಿನ ಅದನ್ನು ಕಟ್ಟಬೇಕಾದವಳು ನೀನು ಎಂದು ಇವಳು, ನಾನಲ್ಲ ನೀನು ಎಂದು ಅವಳು. ಅಷ್ಟರಲ್ಲಿ ಅರ್ಧ ಬಣವೆ ನೆನೆದು ಬೂಷ್ಟು ಹಿಡಿದಿತ್ತು. ಈಗ ಬೇಸಿಗೆ. ಬಯಲಿನಲ್ಲಿ ಹಸುಗಳು ಬರೀ ಮಣ್ಣು ಮೂಸುತ್ತಿದ್ದವು. ಉಳಿದ ಹುಲ್ಲನ್ನು ಔಷಧಿಯ ಹಾಗೆ ಅಳೆದು ಹಾಕಬೇಕಾಗಿತ್ತು.

ಒಂದೇ ಕೊಟ್ಟಿಗೆ, ಒಂದೇ ಅಡುಗೆಮನೆ, ಮಾತಿಲ್ಲದೆ ನಡೆಯುವುದು ಹೇಗೆ? ಇಬ್ಬರೂ ಗಬ್ಬದ ಹಸು ಕೆಂದಿಯನ್ನು ನಡುವೆ ನಿಲ್ಲಿಸಿಕೊಂಡರು.

"ಕೆಂದೀ, ತೊಟ್ಟಿ ಸೋರ್ತಿದೆ ಅಂತ ಅವಳಿಗೆ ಹೇಳು."

"ಕೆಂದೀ, ನಂಗೂ ಕಣ್ಣಿದೆ ಅಂತ ಹೇಳು."

ಐವತ್ತು ದಾಟಿದ ಹೆಂಗಸರು! ನಗಬೇಕೋ ಅಳಬೇಕೋ.

ಕೆಂದಿಯ ಪಕ್ಕೆಲುಬು ಎಣಿಸುವಂತಾಗಿತ್ತು. ಉಳಿದ ಹಸುಗಳೆಲ್ಲ ಬತ್ತಿದ್ದವು; ಮನೆಯಲ್ಲಿ ಇನ್ನು ಹಾಲು ಕಾಣಬೇಕಾದರೆ ಕೆಂದಿಯೇ ಕರು ಹಾಕಬೇಕು. ಇದ್ದೊಂದು ಚೀಲ ಮೆಕ್ಕೆಜೋಳದ ನುಚ್ಚನ್ನು ಕರು ಹಾಕಿದ ಮೇಲೆಯೇ ಮುಟ್ಟುವುದೆಂದು, ಕೆಂದಿಯ ಮುಖಾಂತರವೇ, ತೀರ್ಮಾನವೂ ಆಗಿತ್ತು.

ಒಂದು ಬೆಳಿಗ್ಗೆ ಕೆಂದಿ ಏಳಲು ಹೋಗಿ ಮುಗ್ಗರಿಸಿತು. ಅಕ್ಕನ ಕರುಳು ಚುರ್ರೆಂದಿತು. ತಂಗಿ ನೀರಿಗೆ ಹೋಗಿದ್ದಾಗ ಅರ್ಧ ಬಕೆಟ್ ನುಚ್ಚು ತಂದಿಟ್ಟು, ಹಸುವಿನ ಕಿವಿಯಲ್ಲಿ ಏನೋ ಅಂದು, ಬಕೆಟ್ ತೊಳೆದಿಟ್ಟಳು. ಆಮೇಲೆ ಉಳಿದ ಹಸುಗಳನ್ನು ಬಯಲಿಗೆ ಹೊಡೆದುಕೊಂಡು ಹೋದಳು. ನೀರು ಹೊತ್ತು ಬಂದ ತಂಗಿಯ ಕರುಳೇನು ಕಲ್ಲೇ? ಅವಳೂ ಅದೇ ಬಕೆಟ್ಟಿನಲ್ಲಿ ಅರ್ಧ ತುಂಬಿ ಮುಂದಿಟ್ಟಳು. ಕೆಂದಿ ಅದನ್ನೂ ನೆಕ್ಕಿ ಮುಗಿಸಿತು.

ಮರುದಿನ ಬೆಳಗಾಗುವಷ್ಟರಲ್ಲಿ ಅದು ಹೊಟ್ಟೆ ಉಬ್ಬಿಸಿಕೊಂಡು, ಹಲ್ಲು ಕಡಿಯುತ್ತಾ ಮಲಗಿತ್ತು. ಪಶುವೈದ್ಯ ಬಂದು ಎಡಪಕ್ಕೆ ಒತ್ತಿ ನೋಡಿದ.

"ಕಾಳು ಹಾಕಿದ್ರಾ? ಎಷ್ಟು?"

"ಅರ್ಧ ಬಕೆಟ್" ಎಂದರು ಇಬ್ಬರೂ, ಒಟ್ಟಿಗೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು.

"ಬರೀ ಒಣಹುಲ್ಲು ತಿಂದ ಹೊಟ್ಟೆ ಇದು, ಒಮ್ಮೆಗೇ ಒಂದು ಬಕೆಟ್ ಕಾಳು ಅರಗಲ್ಲ. ಅರ್ಧವೇ ಆಗಿದ್ರೆ ಹೇಗೋ ಉಳಿಸ್ಕೋಬಹುದಿತ್ತು" ಎಂದ ವೈದ್ಯ. ಆದರೂ ಔಷಧಿ ಕುಡಿಸಿದ.

ಮಧ್ಯಾಹ್ನದ ಹೊತ್ತಿಗೆ ಕೆಂದಿ ಸತ್ತಿತು. ಹೊಟ್ಟೆಯೊಳಗೆ ಕರು ಇನ್ನೂ ಸ್ವಲ್ಪ ಹೊತ್ತು ಅಲುಗಾಡಿತು. ಆಮೇಲೆ ಅದೂ ನಿಂತಿತು.

ತಂಗಿ ಗೋಡೆಗೊರಗಿ ಕೂತುಬಿಟ್ಟಳು. "ನುಚ್ಚು ಹಾಕಿದೀನಿ ಅಂತ ಒಂದು ಮಾತು ಹೇಳ್ಬಾರದಿತ್ತಾ ಅಕ್ಕಾ?"

ಎಷ್ಟೋ ತಿಂಗಳ ಮೇಲೆ ಅವಳು ಅಕ್ಕನಿಗೇ ಆಡಿದ ಮೊದಲ ಮಾತು ಅದು. ಅಕ್ಕ ಹಸುವಿನ ಕಿವಿ ಸವರುತ್ತಲೇ ಇದ್ದಳು.

"ಹೇಳಿದ್ದೆ ಕಣೇ" ಎಂದಳು. "ಅವಳಿಗೆ ಹೇಳು ಅಂತ ಕೆಂದಿಗೆ ಹೇಳಿದ್ದೆ."