ತಂತಿ ಮುಟ್ಟದ ಕೈ

ಗಿಟಾರು ನನ್ನ ಕೈಗೆ ಬಂದದ್ದು ಅರವತ್ತೊಂದರ ಬೇಸಿಗೆಯಲ್ಲಿ. ಆಗ ನಾನು ಕೋಲಾರದ ಚಿನ್ನದ ಗಣಿಗಳಲ್ಲಿ ಒಂದಾದ ನಂದಿದುರ್ಗ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಆಂಗ್ಲೋ ಇಂಡಿಯನ್ ಫೋರ್‌ಮನ್ ಒಬ್ಬರು ಬಂಗಲೆ ಖಾಲಿ ಮಾಡುವ ದಿನ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ನೀನಂತೂ ಮಾತಾಡುವುದಿಲ್ಲ, ಇದಾದರೂ ಮಾತಾಡಲಿ ಎಂದು ನಕ್ಕು ಹೋದರು.

ಗೋಣಿಚೀಲದಲ್ಲಿ ಸುತ್ತಿ ಸಂಜೆಯ ರೈಲಿನಲ್ಲಿ ಬಂಗಾರಪೇಟೆಯ ಮನೆಗೆ ಒಯ್ದೆ. ಅಮ್ಮ ನರಸಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನ್ಲಾ ಇದು, ತಂಬೂರಿಗೆ ಸೊಂಟ ಬಂದೈತೆ" ಅಂದಳು.

ಎರಡು ತಿಂಗಳು ನಾನು ಮಾಡಿದ್ದು ಇಷ್ಟೇ. ಹಿತ್ತಲಲ್ಲಿ ಕೂತು ಆರೂ ತಂತಿಗಳನ್ನು ಒಮ್ಮೆ ಮೇಲಿಂದ ಕೆಳಕ್ಕೆ ಸವರುವುದು, ಆ ನಾದ ತೆಳುವಾಗುತ್ತಾ ಹೋಗಿ ಇಲ್ಲವಾಗುವ ತನಕ ಕಿವಿಗೊಡುವುದು. ಎಲ್ಲಿ ಮುಗಿಯಿತೆಂದು ಹೇಳಲಾಗದ ಆ ಗಳಿಗೆ ನನಗೆ ಬಹಳ ಹಿಡಿಸಿತ್ತು. ಗಿಟಾರು ಕಲಿಯುವುದೆಂದರೆ ಅದೇ ಎಂದುಕೊಂಡಿದ್ದೆ.

ಅದಲ್ಲವೆಂದು ತಿಳಿಸಿದವನು ಕುಪ್ಪುಸ್ವಾಮಿ. ಅವನು ಶಾಫ್ಟಿನ ಬಾಯಲ್ಲಿ ನಿಂತು ಬೆಲ್ ಹೊಡೆಯುವವನು. ಆಳುಗಳನ್ನು ಹೊತ್ತ ಕೇಜ್ ಇಳಿಸಬೇಕೋ ಏರಿಸಬೇಕೋ ಎಂದು ಅವನು ಬೆಲ್ಲಿನಲ್ಲಿ ಹೇಳಿದರೆ, ಒಳಗೆ ಎಂಜಿನ್ ಮನೆಯಲ್ಲಿ ಕೂತ ವೈಂಡರ್ ಡ್ರೈವರ್ ಶ್ರೀರಾಮಪ್ಪ ಅದರಂತೆ ನಡೆಸುತ್ತಿದ್ದ. ಇಬ್ಬರೂ ಪ್ರತಿ ವರ್ಷ ಆಯುಧ ಪೂಜೆಗೆ ಎಂಜಿನ್ ಮನೆಯಲ್ಲೇ ಹಾಡು ಹೇಳುವವರು. ಕುಪ್ಪುಸ್ವಾಮಿ ಹಾಡಿದರೆ ಶ್ರೀರಾಮಪ್ಪನದು ಢೋಲಕ್. ಗಿಟಾರು ಹಿಡಿಯುತ್ತಿದ್ದವರು ಅದೇ ಫೋರ್‌ಮನ್. ಈಗ ಆ ಜಾಗ ಖಾಲಿ.

ಆ ಜಾಗ ನನಗೆ ಬೇಕಾಗಿತ್ತು. ಗಣಿ ಸೇರಿ ಹದಿನಾಲ್ಕು ತಿಂಗಳಾಗಿದ್ದರೂ ನಾನು ಟೀ ಅಂಗಡಿಯ ಬೆಂಚಿನ ಹತ್ತಿರ ಬಂದರೆ ಅಲ್ಲಿದ್ದವರ ಮಾತು ನಿಲ್ಲುತ್ತಿತ್ತು. ಬಿ.ಎ. ಓದಿದವನು, ಹಾಜರಿ ಬರೆಯುವವನು, ಇವನ ಮುಂದೆ ಏನು ಮಾತು ಎಂದು ಅವರಿಗೆ. ಮೌನ ನನಗೆ ಇಷ್ಟವೇ. ಆದರೆ ಆ ಮೌನ ನಾನು ಆರಿಸಿಕೊಂಡದ್ದಲ್ಲ.

ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಊರಿಗಾಂ ಸ್ಟೇಷನ್ನಿಗೆ ಬಂದಿಳಿದು, ನಂದಿದುರ್ಗದ ಕಾರ್ಮಿಕರ ಲೈನ್ ಮನೆಗಳವರೆಗೆ ನಡೆದು ಹೋಗುತ್ತಿದ್ದೆ. ಕುಪ್ಪುಸ್ವಾಮಿಯ ಮನೆಯ ಮುಂದೆ ತಗಡಿನ ಚಪ್ಪರದ ಕೆಳಗೆ ಪಾಠ. ಅವನಿಗೆ ಗಿಟಾರು ಗೊತ್ತಿತ್ತು. ಆದರೆ ನುಡಿಸುತ್ತಾ ಹಾಡಲು ಹೋದರೆ ಹಾಡು ಮರೆತುಹೋಗುತ್ತಿತ್ತಂತೆ. ಎಡಗೈಗೆ ಮೂರು ಹಿಡಿತ ಹೇಳಿಕೊಟ್ಟ. ಬೆರಳ ತುದಿಗಳು ಉರಿದು, ಸಿಪ್ಪೆ ಎದ್ದು, ಗಟ್ಟಿಯಾದವು. ಎಡಗೈ ಒಂದು ತಿಂಗಳಲ್ಲಿ ಮಾತು ಕೇಳಿತು. ತೊಂದರೆಯೆಲ್ಲ ಬಲಗೈಯದೇ.

ಹಾಡು ಅವನೇ ಕಟ್ಟಿದ್ದು. ಅರ್ಧ ತಮಿಳು, ಅರ್ಧ ಕನ್ನಡ. ಶಿಫ್ಟು ಮುಗಿಸಿ ಮೇಲೆ ಬರುವವನಿಗೆ ಕೇಜಿನಲ್ಲೇ ಮನೆಯ ಮೀನು ಸಾರಿನ ವಾಸನೆ ಬಂದಂತಾಗುವ ಹಾಡು. ಪ್ರತಿ ಸಾಲಿನ ಕೊನೆಗೆ ಅವನು ಉಸಿರು ತೆಗೆದುಕೊಳ್ಳುತ್ತಾನೆ. ಅಲ್ಲಿ ಒಂದು ಎಣಿಕೆಯಷ್ಟು ಹೊತ್ತು ತಂತಿ ನುಡಿಯಬಾರದು.

"ಅಲ್ಲಿ ತಂತಿ ಮುಟ್ಬೇಡಿ ಸಾರ್. ಆದ್ರೆ ಕೈ ನಿಲ್ಬಾರ್ದು. ಕೈ ಅದ್ರ ಪಾಡಿಗೆ ಇಳೀಬೇಕು, ಏರ್ಬೇಕು. ಬರೀ ಗಾಳೀಲಿ."

ನನಗೆ ಅದು ಅರ್ಥವಾಗಲಿಲ್ಲ. ನುಡಿಸುವಾಗ ಕೈ ಓಡಬೇಕು, ಸುಮ್ಮನಿರುವಾಗ ಸುಮ್ಮನಿರಬೇಕು. ಇಡೀ ಹಾಡಿನಲ್ಲಿ ನನಗೆ ಪ್ರಿಯವಾದ ಜಾಗವೇ ಅದು. ಅಲ್ಲಿಗೆ ಬಂದಾಗಲೆಲ್ಲ ನಾನು ಕೈಯನ್ನು ಗಿಟಾರಿನ ಮರದ ಮೇಲೆ ಇಳಿಸಿ, ನಾದ ಆರುವುದನ್ನು ಕೇಳುತ್ತಿದ್ದೆ. ಮುಂದಿನ ಸಾಲಿಗೆ ಅರೆಗಳಿಗೆ ತಡವಾಗಿ ಎದ್ದುಬರುತ್ತಿದ್ದೆ. ಕುಪ್ಪುಸ್ವಾಮಿ ಸಮಾಧಾನದ ಮನುಷ್ಯ. ಸ್ಟೇಷನ್‌ನಲ್ಲಿ ಸಿಗ್ನಲ್ ಕಾಯುವ ರೈಲಿನಂತೆ ನನಗಾಗಿ ಕಾದು ಹಾಡುತ್ತಿದ್ದ.

ಶ್ರೀರಾಮಪ್ಪ ಹಾಗಲ್ಲ. ಅವನು ಢೋಲಕ್ ತಂದು ಕೂತ ಮೊದಲ ದಿನವೇ ಹಾಡು ಎರಡನೆಯ ಸಾಲಿಗೆ ನಿಂತುಹೋಯಿತು. ತಡವಾಗಲಿಲ್ಲ, ಎಳೆಯಲಿಲ್ಲ, ಪೂರ್ತಿ ನಿಂತಿತು. ಮತ್ತೆ ಶುರು ಮಾಡಿದೆವು. ಮತ್ತೆ ಸಾಲಿನ ಕೊನೆಗೆ ನಿಂತಿತು. ಶ್ರೀರಾಮಪ್ಪ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ತಪ್ಪು ನನ್ನದೇ ಎಂಬುದರಲ್ಲಿ ನನಗೂ ಸಂಶಯವಿರಲಿಲ್ಲ.

ಮೂರು ವಾರ ಹೀಗೇ ಆಯಿತು. ಕೊನೆಗೆ ಶ್ರೀರಾಮಪ್ಪ, ಕೋರಮಂಡಲ್ ಲೈನಿನ ವೆಂಕಟರಾಯಪ್ಪನನ್ನು ಕರೆಸೋಣ, ಅವನ ಹಾರ್ಮೋನಿಯಂ ಯಾರಿಗೂ ಕಾಯುವುದಿಲ್ಲ ಎಂದ. ಕುಪ್ಪುಸ್ವಾಮಿ ನನ್ನ ಮುಖ ನೋಡಿ, ಬರುವ ಭಾನುವಾರ ಒಂದು ಸಲ ನೋಡಿಬಿಡೋಣ ಎಂದ. ಆ ಭಾನುವಾರ ದಾಟಿದರೆ ಪೂಜೆಗೆ ಉಳಿಯುವುದು ಐದೇ ದಿನ.

ಆ ವಾರ ಮನೆಯಲ್ಲಿ ಹಾಡನ್ನು ನೂರು ಸಲವಾದರೂ ನುಡಿಸಿರಬೇಕು. ಒಬ್ಬನೇ ನುಡಿಸಿದರೆ ಅದು ಎಲ್ಲೂ ನಿಲ್ಲುತ್ತಿರಲಿಲ್ಲ. ಅದೇ ನನಗೆ ಇನ್ನಷ್ಟು ನಾಚಿಕೆಯ ಸಂಗತಿಯಾಗಿತ್ತು. ಜನರ ಜೊತೆ ಬೆರೆಯಲಾರದ್ದು ನಾಲಿಗೆ ಮಾತ್ರವಲ್ಲ, ಕೈಯೂ ಹಾಗೇ ಎಂದುಕೊಂಡೆ.

ಭಾನುವಾರ ಕುಪ್ಪುಸ್ವಾಮಿ ಹಾಡಲಿಲ್ಲ. ನೀವಿಬ್ಬರೇ ನುಡಿಸಿ, ನಾನು ನೋಡುತ್ತೇನೆ ಎಂದು ಬಾಗಿಲಿಗೊರಗಿ ನಿಂತ. ಕೇಜನ್ನು ನೋಡುತ್ತಾ ನಿಲ್ಲುವುದೇ ಅವನ ಕೆಲಸವಲ್ಲವೇ. ನಾವು ಶುರು ಮಾಡಿದೆವು. ಮೊದಲ ಸಾಲು ಮುಗಿಯಿತು, ನನ್ನ ಕೈ ಮರದ ಮೇಲೆ ಇಳಿಯಿತು, ಢೋಲಕ್ ನಿಂತಿತು. ಶ್ರೀರಾಮಪ್ಪ ಬಾಯಿ ತೆರೆಯುವಷ್ಟರಲ್ಲಿ ಕುಪ್ಪುಸ್ವಾಮಿ, ಇನ್ನೊಂದು ಸಲ ಅಂದ.

ಈ ಸಲ ಸಾಲಿನ ನಟ್ಟನಡುವೆ, ಇಬ್ಬರ ಕೈಯೂ ಚೆನ್ನಾಗಿ ಓಡುತ್ತಿರುವಾಗ, ಅವನು ಬಾಗಿಲ ಹಲಗೆಯನ್ನು ಬೆರಳ ಗಂಟಿನಿಂದ ಒಮ್ಮೆ ತಟ್ಟಿದ.

ಶ್ರೀರಾಮಪ್ಪನ ಎರಡೂ ಕೈ ಗಾಳಿಯಲ್ಲೇ ನಿಂತವು. ನನ್ನದು ಓಡುತ್ತಿತ್ತು.

ಕುಪ್ಪುಸ್ವಾಮಿ ಮತ್ತೆ ಶುರು ಮಾಡಿಸಿದ. ಈಗ ಎರಡು ಸಲ ತಟ್ಟಿದ. ಢೋಲಕ್ ಓಡುತ್ತಲೇ ಇತ್ತು. ಮೂರು ಸಲ ತಟ್ಟಿದ. ಆಗಲೂ ಓಡುತ್ತಿತ್ತು. ಆಮೇಲೆ ಒಂದೇ ಒಂದು. ನಿಂತಿತು.

ಕುಪ್ಪುಸ್ವಾಮಿ ಬಾಗಿಲು ಹಿಡಿದುಕೊಂಡು ನಕ್ಕ ರೀತಿಗೆ ಒಳಗಿದ್ದ ಅವನ ಹೆಂಡತಿ ಹೊರಗೆ ಬಂದು ನೋಡಿದಳು. "ಒಂದು ಬೆಲ್, ಅಣ್ಣಾ. ಸಾರ್ ಉಗುರು ಮರಕ್ಕೆ ತಗಲ್ತದೆ, ಟಕ್ ಅಂತದೆ. ನೀ ಎಂಜಿನ್ ನಿಲ್ಸಿಬಿಡ್ತೀಯ!"

ಕೇಜ್ ಓಡುತ್ತಿರುವಾಗ ಒಂದೇ ಬೆಲ್ ಬಂದರೆ ತಕ್ಷಣ ನಿಲ್ಲಿಸಬೇಕು. ಅದು ಗಣಿಯಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಶ್ರೀರಾಮಪ್ಪ ಇಪ್ಪತ್ತೆರಡು ವರ್ಷದಿಂದ ಆ ಕುರ್ಚಿಯಲ್ಲಿ ಕೂತವನು. ಮೊದಮೊದಲು ಅವನು ಒಪ್ಪಲಿಲ್ಲ. ತಾನು ಯೋಚಿಸುತ್ತಿದ್ದೆ ಅಂದ, ಕೈ ಬೆವರಿತ್ತು ಅಂದ, ಬಾಗಿಲು ತಟ್ಟುವುದು ಎಲ್ಲಿಯ ಮರ್ಯಾದೆ ಅಂದ. ನಗು ಸ್ವಲ್ಪ ತಗ್ಗಿದ ಮೇಲೆ ಢೋಲಕ್ಕಿನ ಹಗ್ಗ ಬಿಗಿಮಾಡುತ್ತಾ ಹೇಳಿದ:

"ಒಂದು ಅಂದ್ರೆ ನಿಲ್ಸ್ಬೇಕು ಕಣಪ್ಪ. ಕೆಳಗಡೆ ಜನ ಇರ್ತಾರೆ. ಒಂದು ಹಾಡಿಗೋಸ್ಕರ ನಾನದನ್ನ ಮರೀಲಾ?"

ನಾನು ಪ್ರತಿದಿನ ಹಾಜರಿ ಪುಸ್ತಕದಲ್ಲಿ ಬರೆಯುವ ಹೆಸರುಗಳು ನೆನಪಾದವು. ಅವರೆಲ್ಲರೂ ಆ ಕೈ ನಂಬಿ ಇಳಿಯುವವರು, ಏರುವವರು. ಆ ಕೈ ಒಂದು ಹಾಡು ಕೆಡಿಸಿದ್ದಕ್ಕೆ ನನಗೆ ಒಳಗೊಳಗೇ ಸಂತೋಷವಾಯಿತು.

ಮರೆಯಬೇಕಾಗಿಲ್ಲ, ನನ್ನ ಕೈಯನ್ನು ನಾನೇ ಮರದ ಮೇಲೆ ಇಳಿಸುವುದಿಲ್ಲ ಎಂದೆ. ಶ್ರೀರಾಮಪ್ಪ ನನ್ನನ್ನು ಮೇಲಿಂದ ಕೆಳಗೆ ಅಳೆದ. ನೋಡೋಣ, ಆದರೆ ವೆಂಕಟರಾಯಪ್ಪನಿಗೆ ಬರಲು ಹೇಳಿರುತ್ತೇನೆ ಎಂದ.

ಐದು ದಿನ ನಾನು ತಂತಿಗಿಂತ ಹೆಚ್ಚಾಗಿ ಗಾಳಿಯನ್ನು ಬಾರಿಸಿದೆ. ರೈಲಿನಲ್ಲಿ, ಆಫೀಸಿನ ಮೇಜಿನ ಕೆಳಗೆ, ಮುದ್ದೆಯ ತಟ್ಟೆಯ ಮುಂದೆ. ಕೈ ಇಳಿಯಿತು, ಏರಿತು. ಅಮ್ಮ ಎರಡು ದಿನ ನೋಡಿದಳು. ಮೂರನೆಯ ದಿನ, "ಯಾರಿಗ್ಲಾ ಗಾಳಿ ಬೀಸ್ತಾ ಇದ್ದೀಯ? ಮುದ್ದೆ ಆಗ್ಲೇ ಆರೋಯ್ತು" ಅಂದಳು.

ಪೂಜೆಯ ದಿನ ಎಂಜಿನ್ನನ್ನು ತೊಳೆದು ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ್ದರು. ದೊಡ್ಡ ಚಕ್ರ ನಿಂತಿತ್ತು. ಬೂದುಗುಂಬಳ ಒಡೆದಾಯಿತು, ಕಡ್ಲೆಪುರಿ ಹಂಚಿದ್ದೂ ಆಯಿತು. ಲೈನ್ ಮನೆಗಳ ಜನವೆಲ್ಲ ನೆಲದ ಮೇಲೆ ಕೂತಿದ್ದರು. ಎದುರಿಗೇ ವೆಂಕಟರಾಯಪ್ಪ, ತೊಡೆಯ ಮೇಲೆ ಬಟ್ಟೆ ಸುತ್ತಿದ ಹಾರ್ಮೋನಿಯಂ.

ಶುರು ಮಾಡಿದೆವು. ಮೊದಲ ಸಾಲಿನ ಕೊನೆ ಬಂತು. ಕುಪ್ಪುಸ್ವಾಮಿ ಉಸಿರೆಳೆದ. ನನ್ನ ಕೈ ತಂತಿಗಳ ಮುಂದೆಯೇ, ಒಂದನ್ನೂ ಮುಟ್ಟದೆ, ಇಳಿದು ಏರಿತು. ಶ್ರೀರಾಮಪ್ಪ ನನ್ನ ಮುಖ ನೋಡುತ್ತಿರಲಿಲ್ಲ. ಕೇಜ್ ಎಷ್ಟು ಆಳದಲ್ಲಿದೆಯೆಂದು ತೋರಿಸುವ ಮುಳ್ಳನ್ನು ನೋಡುವ ಹಾಗೆ ನನ್ನ ಕೈಯನ್ನೇ ನೋಡುತ್ತಿದ್ದ. ಕೈ ಏರಿದ್ದು ಕಂಡು ಢೋಲಕ್ ಮುಂದಿನ ಸಾಲಿಗೆ ಹೊರಟಿತು.

ಆ ಒಂದು ಎಣಿಕೆಯಲ್ಲಿ ಶಬ್ದವಿರಲಿಲ್ಲ. ನನಗೆ ಬೇಕಾದ ಮೌನ ಅಲ್ಲೇ ಇತ್ತು, ಒಂದು ಚೂರೂ ಕಡಿಮೆಯಾಗಿರಲಿಲ್ಲ. ಆದರೆ ಈಗ ಅದರೊಳಗೆ ಮೂವರಿದ್ದೆವು.

ಎರಡನೆಯ ಸಾಲು, ಮೂರನೆಯದು. ಮೀನು ಸಾರಿನ ಸಾಲಿಗೆ ಹೆಂಗಸರು ನಕ್ಕರು. ವೆಂಕಟರಾಯಪ್ಪ ಹಾರ್ಮೋನಿಯಂ ಕೆಳಗಿಟ್ಟು, ಕಡ್ಲೆಪುರಿಯ ಪೊಟ್ಟಣ ಬಿಚ್ಚಿ ತಿನ್ನತೊಡಗಿದ. ಹಾಡು ಎಲ್ಲೂ ನಿಲ್ಲದೆ ಮೇಲೆ ಬಂದು ಮುಟ್ಟಿತು.

ಚಪ್ಪಾಳೆ ನಿಂತ ಮೇಲೆ ಹಿಂದಿನಿಂದ ಯಾರೋ ಇನ್ನೊಂದು ಹಾಡಲಿ ಎಂದರು. ಕುಪ್ಪುಸ್ವಾಮಿ ನನ್ನ ಕಡೆ ನೋಡಿದ. ನನಗೆ ಬರುವುದು ಒಂದೇ ಹಾಡು ಎಂದು ಅವನ ಕಿವಿಯಲ್ಲಿ ಹೇಳಿದೆ. ಅದನ್ನು ಕೇಳಿಸಿಕೊಂಡ ಶ್ರೀರಾಮಪ್ಪ ಜನರ ಕಡೆ ತಿರುಗಿ, ಈಗಿನದು ಬೇರೆ ಹಾಡು, ಇದರಲ್ಲಿ ಕೋಳಿ ಸಾರು ಬರುತ್ತದೆ ಎಂದು ಸಾರಿದ. ನನ್ನ ಕೈ ಏಳುವ ಮೊದಲೇ ಢೋಲಕ್ ಹೊರಟುಬಿಟ್ಟಿತ್ತು. ನಾನು ಓಡಿಹೋಗಿ ಹತ್ತಿಕೊಂಡೆ.