ದಿಂಬಿನಲ್ಲಿ ಉಳಿದ ವಾಸನೆ

ಎಪ್ಪತ್ನಾಲ್ಕರ ಬೇಸಿಗೆ. ತಾಯಿಯ ಕಣ್ಣನ್ನು ಡಾಕ್ಟರಿಗೆ ತೋರಿಸಲೆಂದು ಶಿವಯೋಗೆಪ್ಪ ಬಬಲೇಶ್ವರದಿಂದ ಬಿಜಾಪುರಕ್ಕೆ ಬಂದ. ಹೊಸ ಹೆಂಡತಿ ಗುರುಸಿದ್ದವ್ವನೂ ಜೊತೆಗಿದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಲಾಡ್ಜಿನಲ್ಲಿ ಖೋಲಿ ಹಿಡಿದು, ಚೀಲವನ್ನು ಬಾಗಿಲಲ್ಲೇ ಇಳಿಸಿದ.

"ಅಗಳಿ ಹಾಕ್ಕೊಂಡ ಕುಂದರು. ಅವ್ವ ತಂಗಿ ಮನಿಯಿಂದ ತಿಕೋಟಾ ಬಸ್ಸಿಗೆ ಬರತಾಳ, ಕರಕೊಂಡ ಬರತೀನಿ" ಎಂದು ಓಡಿದ.

ಅಗಳಿ ಹಾಕಿದ್ದೇ ತಡ, ಸಿಗರೇಟಿನ ಘಾಟು ಗುರುಸಿದ್ದವ್ವನ ಮೂಗಿಗೆ ಬಡಿಯಿತು. ಈಗಷ್ಟೇ ಯಾರೋ ಸೇದಿ ಎದ್ದು ಹೋದಂತಿತ್ತು. ಗಂಡ ಬೀಡಿ ಸಿಗರೇಟು ಮುಟ್ಟುವವನಲ್ಲ. ಬಳೆಗಾರನ ಜೊತೆ ನಕ್ಕು ಮಾತಾಡಿದಳೆಂದು ಎರಡು ದಿನ ಅವಳ ಕೈಯ ನೀರೂ ಕುಡಿಯದವನು!

ಕಿಟಕಿ ತೆರೆದಳು, ಸೆರಗಿನಿಂದ ಗಾಳಿ ಬೀಸಿದಳು. ಘಾಟು ಹೋಗಲಿಲ್ಲ, ಸೆರಗಿಗೇ ಹತ್ತಿತು. ಕೆಳಗಿಳಿದು ಮ್ಯಾನೇಜರ್ ಮಶಾಕಸಾಬನನ್ನು ಕೇಳಿದಳು.

"ಅಣ್ಣಾರ, ಬ್ಯಾರೆ ಖೋಲಿ ಕೊಡ್ರಿ. ಸಿಗರೇಟ ನಾರತೈತಿ."

"ಎಲ್ಲಾ ಖೋಲಿನೂ ಹಂಗ ಅದಾವವ್ವಾ. ಸೇದಬ್ಯಾಡ್ರಿ ಅಂದ್ರ ಗಿರಾಕಿ ಮಗ್ಗಲ ಲಾಡ್ಜಿಗೆ ಹೋಗ್ತಾರ."

"ಆಮ್ಯಾಲ ಬಂದವರ ಗತಿ ಏನ್ರಿ?"

ಅವನು ನಕ್ಕ. ಅವಳು ಮೇಲೆ ಬಂದಳು.

ಗಂಡ ತಾಯಿಯ ಕೈಹಿಡಿದು ಒಳಗೆ ಬಂದವನೇ ನಿಂತುಬಿಟ್ಟ. ಅವನ ಕಣ್ಣು ಮಂಚಕ್ಕೆ, ತೆರೆದ ಕಿಟಕಿಗೆ, ಕೊನೆಗೆ ಅವಳ ಮುಖಕ್ಕೆ ಬಂತು.

"ಯಾರು ಬಂದಿದ್ರು?"

"ಯಾರೂ ಇಲ್ರಿ..." ಅವನು ಅಗಳಿ ಹಾಕಿದ. ಅವಳು ಗೋಡೆಗೆ ಒತ್ತಿ ನಿಂತಳು.

ಪೊರೆ ಬಂದ ಕಣ್ಣಿನ ಅತ್ತೆ ಶಂಕ್ರೆವ್ವ ತಡವರಿಸುತ್ತ ಮಂಚಕ್ಕೆ ಹೋಗಿ, ದಿಂಬನ್ನೆತ್ತಿ ಮೂಸಿದಳು.

"ಲೇ ಶಿವ್ಯಾ, ಬಾ ಇಲ್ಲಿ. ಮೂಸು."

ಅವನು ಕದಲಲಿಲ್ಲ.

"ನಿಮ್ಮಪ್ಪ ಸತ್ತು ಎರಡು ವರ್ಷಾತು. ಅವ ಹೊಚ್ಚಿಕೊಳ್ಳತಿದ್ದ ಕೌದಿ ಎಷ್ಟ ಸಲ ಒಗದೀನಿ, ಇನ್ನೂ ಬೀಡಿ ನಾರತೈತಿ. ಅಲ್ಲಿ ಯಾರು ಬಂದು ಸೇದಿ ಹೋಗ್ಯಾರ? ಹೇಳು!"

ಶಿವಯೋಗೆಪ್ಪ ದಿಂಬು ಮೂಸಿದ. ಮುಖ ಕೆಳಗಾಯಿತು. ಹಾಸಿಗೆ ಸುತ್ತಿ, ಬಿಸಿಲಿಗೆ ಹಾಕಲು ಮಾಳಿಗೆಗೆ ಹೊತ್ತುಕೊಂಡು ಹೋದ.

"ಕೈ ಯಾಕ ಇಷ್ಟ ತಣ್ಣಗಾಗ್ಯಾವ ಬೇ?" ಎಂದಳು ಅತ್ತೆ, ಸೊಸೆಯ ಕೈ ಹಿಡಿದು.

ಗುರುಸಿದ್ದವ್ವನಿಗೆ ಅಳು ಒತ್ತರಿಸಿ ಬಂತು. ಇಂದು ಅತ್ತೆ ಇದ್ದಳು. ಇಲ್ಲದ ದಿನ? ಮೆಟ್ಟಿಲ ಮೇಲೆ ಗಂಡ ಇಳಿದು ಬರುವ ಸಪ್ಪಳ ಕೇಳಿದಾಗ, ಅವಳು ಆ ಮುದಿ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.